ಐನೂರು ಫ್ರೇಸಲ್ ವರ್ಬ್‌ಗಳ ಜೆರಾಕ್ಸ್ ಪಕ್ಕಕ್ಕಿಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಇಂಗ್ಲಿಷಿನ ಫ್ರೇಸಲ್ ವರ್ಬ್, ಅಂದರೆ 'ಪುಟ್ ಆಫ್' ಥರ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ. ಅದಕ್ಕೆ ಬಿಡಿಸಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಕೇಂಬ್ರಿಡ್ಜ್‌ನ ಬಿ2 ಫಸ್ಟ್ ಇಂಗ್ಲಿಷ್ ಪರೀಕ್ಷೆಗೆ ಎರಡು ತಿಂಗಳಿದೆ. ಕೋಚಿಂಗ್‌ನಲ್ಲಿ ಐನೂರು ಫ್ರೇಸಲ್ ವರ್ಬ್‌ಗಳ ಜೆರಾಕ್ಸ್ ಕೊಟ್ಟಿದ್ದಾರೆ. ದಿನಕ್ಕೆ ಇಪ್ಪತ್ತು ಬಾಯಿಪಾಠ ಮಾಡಿದರೂ ವಾರದೊಳಗೆ ಎಲ್ಲ ಕಲಸುಮೇಲೋಗರ. ಏನು ಮಾಡಲಿ? – ವಿದ್ಯಾರ್ಥಿನಿ, ವಿಜಯನಗರ

ಆ ಜೆರಾಕ್ಸನ್ನು ಇವತ್ತೇ ಪಕ್ಕಕ್ಕಿಡಿ. ತಪ್ಪು ನಿಮ್ಮ ನೆನಪಿನದ್ದಲ್ಲ, ಪಟ್ಟಿಯದ್ದು. 'ಪುಟ್ ಆಫ್', 'ಪುಟ್ ಔಟ್', 'ಪುಟ್ ಅಪ್ ವಿತ್' ಎಂದು ಒಂದೇ ಚಹರೆಯವನ್ನು ಸಾಲಾಗಿ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳದೆ ಇರುತ್ತದೆಯೇ? ಇಂಥ ಪಟ್ಟಿ ಮಾಡುವುದು ಸುಲಭ, ಅದಕ್ಕೇ ಹಂಚುತ್ತಾರೆ.

ಕನ್ನಡವನ್ನೇ ನೋಡಿ. ಬರೆದಿಡು, ಬರೆದುಕೊಡು, ಬರೆದುಕೋ, ಬರೆದುಬಿಡು: ಇವುಗಳ ಪಟ್ಟಿಯನ್ನು ನಿಮಗೆ ಯಾರೂ ಕೊಡಲಿಲ್ಲ. 'ಹೇಳಿಕೊಡು' ಎನ್ನುವಾಗ ಕೈಯಿಂದ ಏನನ್ನೂ ಕೊಡುವುದಿಲ್ಲ ಎಂದು ಯಾರೂ ವಿವರಿಸಲೂ ಇಲ್ಲ. 'ಅಮ್ಮಾ, ಲೆಕ್ಕ ಹೇಳಿಕೊಡು' ಎನ್ನುವ ಇಡೀ ಮಾತಿನ ಜೊತೆ ಅದು ನಾಲಿಗೆಗೆ ಬಂತು. ಇಂಗ್ಲಿಷಿನದ್ದೂ ಇಡೀ ವಾಕ್ಯದ ಜೊತೆಗೇ ಬರಬೇಕು.

ಪರೀಕ್ಷೆ ಕೇಳುವುದೂ ಅದನ್ನೇ. ರೀಡಿಂಗ್ ಅಂಡ್ ಯೂಸ್ ಆಫ್ ಇಂಗ್ಲಿಷ್ ಪತ್ರಿಕೆಯ ನಾಲ್ಕನೇ ಭಾಗದಲ್ಲಿ 6 ಪ್ರಶ್ನೆ, ಒಂದೊಂದಕ್ಕೂ 2 ಅಂಕ. ಒಂದು ವಾಕ್ಯ, ಜೊತೆಗೊಂದು ಪದ ಕೊಟ್ಟು, ಅದೇ ಅರ್ಥದ ಇನ್ನೊಂದು ವಾಕ್ಯವನ್ನು ಪೂರ್ತಿ ಮಾಡಿ ಎನ್ನುತ್ತಾರೆ. ಕೊಟ್ಟ ಪದವನ್ನು ಬದಲಿಸುವಂತಿಲ್ಲ, ಅದೂ ಸೇರಿ 2ರಿಂದ 5 ಪದಗಳಲ್ಲಿ ಉತ್ತರ ಮುಗಿಯಬೇಕು. ಉದಾಹರಣೆಗೆ, 'ದೇ ಪೋಸ್ಟ್‌ಪೋನ್ಡ್ ದ ಮೀಟಿಂಗ್ ಅಂಟಿಲ್ ಫ್ರೈಡೇ'. ಕೊಟ್ಟ ಪದ 'ಪುಟ್'. ಎರಡನೇ ವಾಕ್ಯ 'ದ ಮೀಟಿಂಗ್' ಎಂದು ಶುರುವಾಗಿ, ಬಿಟ್ಟ ಸ್ಥಳವಾದ ಮೇಲೆ 'ಅಂಟಿಲ್ ಫ್ರೈಡೇ' ಎಂದು ಮುಗಿಯುತ್ತದೆ. 'ಪುಟ್ ಆಫ್ ಅಂದರೆ ಮುಂದೂಡು' ಎಂದು ಉರು ಹೊಡೆದವರು ಬರೀ 'ಪುಟ್ ಆಫ್' ಬರೆದು ಬರುತ್ತಾರೆ. ಬೇಕಿದ್ದದ್ದು 'ವಾಸ್ ಪುಟ್ ಆಫ್'. ಅರ್ಥ ಗೊತ್ತಿದ್ದೂ ಅಂಕ ಹೋಯಿತು. ಪದ ಕಲಿತಿದ್ದರು, ಅದನ್ನು ತಿರುಗಿಸಿ ಬರೆಯಲು ಕಲಿತಿರಲಿಲ್ಲ.

ಇನ್ನೊಂದು ಕಡೆಯೂ ಎಡವುತ್ತಾರೆ. 'ಪುಟ್ ಇಟ್ ಆಫ್' ಸರಿ, 'ಪುಟ್ ಆಫ್ ಇಟ್' ತಪ್ಪು. ಆದರೆ 'ಲುಕ್ ಆಫ್ಟರ್ ಇಟ್' ಎಂದೇ ಹೇಳಬೇಕು, 'ಇಟ್' ನಡುವೆ ಬರುವುದಿಲ್ಲ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದನ್ನು ಜೆರಾಕ್ಸ್ ಪಟ್ಟಿ ಹೇಳುವುದಿಲ್ಲ.

ದಿನಕ್ಕೆ ಐದು ಸಾಕು, ಅವು ನೀವು ಓದಿದ್ದರಲ್ಲೋ ಕೇಳಿದ್ದರಲ್ಲೋ ಸಿಕ್ಕವಾಗಿರಲಿ. ಸಿಕ್ಕ ವಾಕ್ಯವನ್ನು ಪೂರ್ತಿ ಬರೆದುಕೊಳ್ಳಿ. ಕೆಳಗೆ ನಿಮ್ಮ ಮನೆಯದ್ದೇ ಒಂದು ವಾಕ್ಯ. ಸಂಪು ಖಾಲಿಯಾಗಿ ಟ್ಯಾಂಕರ್‌ಗೆ ಫೋನ್ ಮಾಡುವಾಗ 'ವಿ ಹ್ಯಾವ್ ರನ್ ಔಟ್ ಆಫ್ ವಾಟರ್' ಎಂದು ಬರೆದರೆ ಅದು ಮರೆಯುವುದಿಲ್ಲ. 'ದಿ ಓನರ್ ಟರ್ನ್ಡ್ ಡೌನ್ ಅವರ್ ರಿಕ್ವೆಸ್ಟ್' (ಓನರ್ ನಮ್ಮ ಕೋರಿಕೆಗೆ ಒಪ್ಪಲಿಲ್ಲ) ಎಂಬುದನ್ನು ಒಮ್ಮೆ 'ವಾಸ್ ಟರ್ನ್ಡ್ ಡೌನ್' ಮಾಡಿ, ಒಮ್ಮೆ 'ಟರ್ನ್ಡ್ ಇಟ್ ಡೌನ್' ಮಾಡಿ. ಮಾರನೇ ದಿನ ಪುಟ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ, ನಾಲ್ಕು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಬಿಡುವು ಕೊಟ್ಟು ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಇಷ್ಟು ವರ್ಷಗಳಾದ ಮೇಲೂ ಒಂದೇ ರಾತ್ರಿ ಇಪ್ಪತ್ತು ಪದ ಗಿಳಿಪಾಠ ಹೇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೊಸದು ಕಲಿಯುವ ಮೊದಲು ನಮ್ಮೂರಿನ ಕೆಲವನ್ನು ಬಿಡಿ. 'ಕೋಪ್ ಅಪ್ ವಿತ್' ಎಂಬುದಿಲ್ಲ, 'ಕೋಪ್ ವಿತ್' ಅಷ್ಟೆ. ಡಿಗ್ರಿ ಮುಗಿಸಿದ್ದಕ್ಕೆ 'ಐ ಪಾಸ್ಡ್ ಔಟ್' ಎಂದರೆ, ಇಂಗ್ಲೆಂಡಿನವರಿಗೆ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಎಂದೇ ಕೇಳಿಸುತ್ತದೆ. 'ಗ್ರಾಜುಯೇಟೆಡ್' ಎನ್ನಿ.

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಹೆಚ್ಚು ಫ್ರೇಸಲ್ ವರ್ಬ್ ಬಳಸಿದರೆ ಹೆಚ್ಚು ಬ್ಯಾಂಡ್ (ಅಂಕ) ಬರುತ್ತದೆಯೇ?

ಇಲ್ಲ. ಶಬ್ದಸಂಪತ್ತಿಗೆ ಇರುವುದು ಕಾಲು ಭಾಗ. ಓಘ, ವ್ಯಾಕರಣ, ಉಚ್ಚಾರಣೆಗೂ ಅಷ್ಟಷ್ಟೇ. ತುರುಕಿದ ಪದಕ್ಕೆ ಮಾತು ತಡವರಿಸಿದರೆ ಇತ್ತ ಬಂದದ್ದು ಅತ್ತ ಹೋಯಿತು.

'30 ದಿನದಲ್ಲಿ ಬ್ಯಾಂಡ್ 7 ಗ್ಯಾರಂಟಿ' ಎಂಬ ಕೋರ್ಸ್ ಸೇರಲೇ?

ಬೇಡ. ಅಂಕ ಕೊಡುವವರು ಅವರಲ್ಲ, ಗ್ಯಾರಂಟಿ ಕೊಡಲು ಅವರ್ಯಾರು? 'ಲೀಕ್ ಆದ ಪ್ರಶ್ನೆ' ಎಂದು ಮಾರುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ದಿನಾ ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದಬೇಕೇ?

ಓದಿ, ಆದರೆ ಫ್ರೇಸಲ್ ವರ್ಬ್‌ಗಾಗಿ ಅಲ್ಲ. ಅವು ಸಂದರ್ಶನಗಳಲ್ಲಿ, ಕತೆಗಳ ಸಂಭಾಷಣೆಯಲ್ಲಿ ಹೆಚ್ಚು ಸಿಗುತ್ತವೆ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಬಿ2 ಆಗುತ್ತದೆಯೇ?

ಆಗುತ್ತದೆ. ದಯವಿಟ್ಟು ಈ ಪ್ರಶ್ನೆ ಕೇಳುತ್ತಾ ದಿನ ಕಳೆಯಬೇಡಿ.

ಅವೆನ್ಯೂ ರಸ್ತೆಯಲ್ಲಿ ಹಳೇ ಮಾದರಿ ಪ್ರಶ್ನೆಪತ್ರಿಕೆ ಪುಸ್ತಕ ಅಗ್ಗಕ್ಕೆ ಸಿಕ್ಕಿದೆ. ತೆಗೆದುಕೊಳ್ಳಲೇ?

ಒಳಪುಟದಲ್ಲಿ ಇಸವಿ ನೋಡಿ. 2015ರಲ್ಲಿ ಬಿ2 ಫಸ್ಟ್ ಪರೀಕ್ಷೆಯ ಸ್ವರೂಪ ಬದಲಾಯಿತು. ಅದಕ್ಕೂ ಮುಂಚೆ ಯೂಸ್ ಆಫ್ ಇಂಗ್ಲಿಷ್ ಬೇರೆಯೇ ಪತ್ರಿಕೆಯಾಗಿತ್ತು. ಹಾಗಾಗಿ 2015ರ ನಂತರದ್ದಾದರೆ ಮಾತ್ರ ತನ್ನಿ, ಅದರಲ್ಲೂ ಹಿಂದಿನವರು ಪೆನ್ನಿನಲ್ಲಿ ಉತ್ತರ ತುಂಬಿರದ ಪ್ರತಿಯನ್ನೇ ಆರಿಸಿ.