ಘಟ್ಟದಲ್ಲಿ ಕೈಕೊಟ್ಟ ಬ್ರೇಕು, ಕೈತಪ್ಪಿದ ರೈಲು

ಪ್ರಶ್ನೆ: ಮಕ್ಕಳಿಗೆ ಕಾರವಾರದ ‘ಚಪಲ್’ ಯುದ್ಧನೌಕೆ ತೋರಿಸಲೆಂದು ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಕಾರಿನಲ್ಲಿ ಹೋಗುತ್ತಿದ್ದೆವು. ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಪೂರ್ತಿ ಕೆಳಕ್ಕೆ ಹೋಯಿತು. ಹೇಗೋ ನಿಲ್ಲಿಸಿ, ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಮೊದಲಿನಂತೆಯೇ ಇತ್ತು! ಊರಿನ ಗ್ಯಾರೇಜಿನಲ್ಲಿ ಪ್ಯಾಡ್ ಚೆನ್ನಾಗಿವೆ, ಆಯಿಲ್ ಸೋರಿಲ್ಲ ಎಂದರು. ಮತ್ತೇನಾಗಿತ್ತು?
– ಓದುಗರು, ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್ ವರ್ಷ ಕಳೆದಂತೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಗಳಿಗೆ ಡಾಟ್ ಎಂಬ ಸಂಖ್ಯೆಯಿರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇ 3.7ರಷ್ಟು ನೀರು ಸೇರಿದರೆ 140 ಡಿಗ್ರಿ ಸಾಕು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಬ್ರೇಕ್ ಮೇಲಿಂದ ಕಾಲು ತೆಗೆಯದೆ ಘಟ್ಟ ಇಳಿದರೆ ಡಿಸ್ಕಿನ ಕಾವು ಪ್ಯಾಡ್, ಪಿಸ್ಟನ್ ದಾಟಿ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಒಳಗಿನ ಆಯಿಲ್‌ಗೆ ತಗುಲಿ ಆವಿಗುಳ್ಳೆ ಏಳುತ್ತವೆ. ಆಮೇಲೆ ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಅಮುಕುವುದಕ್ಕೇ ಖರ್ಚು. ತಣಿದಾಗ ಆವಿ ಮತ್ತೆ ನೀರಾಗುವುದರಿಂದ ಗ್ಯಾರೇಜಿನವರ ಕಣ್ಣಿಗೆ ಏನೂ ಬೀಳಲಿಲ್ಲ. ಪೆಡಲ್ ಗಟ್ಟಿಯಾಗಿಯೇ ಇದ್ದು, ಸುಟ್ಟ ವಾಸನೆ ಬಂದು, ಗಾಡಿ ನಿಲ್ಲದಿದ್ದರೆ ಅದು ಪ್ಯಾಡ್ ಕಾದದ್ದು. ಆ ಕಾಯಿಲೆಯೇ ಬೇರೆ.

ಮೇಲಿನ ಡಬ್ಬಿಗಷ್ಟೇ ಹೊಸ ಆಯಿಲ್ ಸುರಿದು ಕಳಿಸಿದರೆ ಒಪ್ಪಬೇಡಿ, ಕುದಿಯುವುದು ಚಕ್ರದ ಹತ್ತಿರದ ಆಯಿಲ್. ನಾಲ್ಕೂ ಚಕ್ರಗಳಲ್ಲಿ ಬ್ಲೀಡಿಂಗ್, ಅಂದರೆ ಹಳೆ ಆಯಿಲ್ ಹೊರಹಾಕುವ ಕೆಲಸ, ಮಾಡಿಸಿ: ಆಯಿಲ್ ಹೊರಬಿಡುವ ತಿರುಪಾದ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಒಬ್ಬರು ಪೆಡಲ್ ತುಳಿದು ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಕಂದು ಬಣ್ಣ ಹೋಗಿ ತಿಳಿ ಆಯಿಲ್ ಬರುವವರೆಗೂ ನಡೆಯಲಿ. ನಡುವೆ ಡಬ್ಬಿ ಬರಿದಾಗಬಾರದು. ಮುಚ್ಚಳದ ಮೇಲೆ ಬರೆದ ದರ್ಜೆಯದೇ ಹಾಕಿಸಿ. ಡಾಟ್ 5 ಸಿಲಿಕೋನ್ ಆಯಿಲ್, ಅದು ಇವುಗಳ ಜೊತೆ ಬೆರೆಯದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂದೋ ಸೀಲ್ ಒಡೆದಿಟ್ಟ ಬಾಟಲಿ ಬೇಡ.

ಘಟ್ಟದಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟುಬಿಡಿ, ಸವರುತ್ತಾ ಇರಬೇಡಿ. ಪೆಡಲ್ ಮತ್ತೆ ಕುಸಿದರೆ ಬೇಗಬೇಗ ಪಂಪ್ ಮಾಡಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಕೊಂಡೇ ನಿಧಾನವಾಗಿ ಎಳೆಯಿರಿ. ಸನ್ನೆಯಿರುವ ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ನಡೆಯುವುದರಿಂದ ಆಯಿಲ್ ಕುದಿದರೂ ಹಿಡಿಯುತ್ತದೆ. ಕಾದ ಡಿಸ್ಕಿಗೆ ನೀರು ಹೊಯ್ದರೆ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಪ್ರಶ್ನೆ: 1971ರಲ್ಲಿ ಕರಾಚಿಗೆ ಬೆಂಕಿಯಿಟ್ಟದ್ದು ಇದೇ ಚಪಲ್ ಅಲ್ಲವೇ?
– ಓದುಗರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಅಲ್ಲ. ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹಾರಿಸಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಅವು ಓಸಾ-1 ಎಂಬ ಮಾದರಿಯ ಕ್ಷಿಪಣಿ ದೋಣಿಗಳು. ಚಪಲ್ ಅದರ ಸುಧಾರಿತ ರೂಪವಾದ ಓಸಾ-2. ನೌಕಾಪಡೆಗೆ ಸೇರಿದ್ದೇ 1976ರಲ್ಲಿ.

ಪ್ರಶ್ನೆ: ವಿಶಾಖಪಟ್ಟಣದ ‘ಕುರ್ಸುರಾ’ ಜಲಾಂತರ್ಗಾಮಿ ನೋಡಲು ಬಂಗಾರಪೇಟೆಯಿಂದ ಚೆನ್ನೈಗೆ, ಅಲ್ಲಿಂದ ಮುಂದಕ್ಕೆ ಬೇರೆ ಬೇರೆ ಟಿಕೆಟ್ ಮಾಡಿಸಿದ್ದೆವು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿತು, ಹಣವೂ ಹೋಯಿತು. ಉಪಾಯವುಂಟೇ?
– ಓದುಗರು, ಕೋಲಾರ

ಉತ್ತರ: ಮುಂದಿನ ಸಲ ಎರಡು ಪಿಎನ್‌ಆರ್‌ಗಳನ್ನೂ ಜೋಡಿಸಿಕೊಳ್ಳಿ, ಐಆರ್‌ಸಿಟಿಸಿಯಲ್ಲಿ ಆ ಸೌಲಭ್ಯವಿದೆ. ಪ್ರಯಾಣಿಕರ ವಿವರ ಎರಡರಲ್ಲೂ ಒಂದೇ ಇರಬೇಕು, ಇಳಿಯುವ ನಿಲ್ದಾಣವೇ ಹತ್ತುವ ನಿಲ್ದಾಣವಾಗಿದ್ದರೆ ತಕರಾರಿಲ್ಲ. ಆಗ ಮೊದಲ ರೈಲಿನ ತಡದಿಂದ ಎರಡನೆಯದು ತಪ್ಪಿದರೆ ಅದರ ಹಣ ಕಡಿತವಿಲ್ಲದೆ ಸಿಗುತ್ತದೆ. ಮೊದಲ ರೈಲು ತಲುಪಿದ ಮೂರು ಗಂಟೆಯೊಳಗೆ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಹಾಕಬೇಕು. ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡಿ, ಆದರೆ ಆ ದಿನ ಸೋಮವಾರ ಆಗದಿರಲಿ: ಕುರ್ಸುರಾಗೆ ಅಂದು ರಜೆ. ಒಳಗಿನ ಬಾಗಿಲುಗಳು ದುಂಡನೆಯ ಕಿಂಡಿಗಳು, ಬಗ್ಗಿ ಕಾಲೆತ್ತಿ ದಾಟಬೇಕು. ಮಂಡಿನೋವಿನ ಹಿರಿಯರಿದ್ದರೆ ಮೊದಲೇ ಯೋಚಿಸಿ.