ಭೂಮಿ ನಡುಗದೆಯೂ ಸುನಾಮಿ ಬರುತ್ತದೆ

ಸಂಡೂರಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: 'ಕಿವಿಗೆ ಕೇಳದ ಸದ್ದು ಹಿಡಿದು ಸುನಾಮಿ ಪತ್ತೆಹಚ್ಚುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ತುಂಬಿಸಿದ್ದೀರಿ. ಭೂಕಂಪ ಅಳೆದರೆ ಸಾಲದೇ? ಬಳ್ಳಾರಿ ಬಿಸಿಲಲ್ಲಿ ಒಣಗುವ ನಮಗೆ ಸಮುದ್ರದ ಉಸಾಬರಿ ಯಾಕೆ?'

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನಂತಿದೆ. ಪ್ರಶ್ನೆ ಮಾತ್ರ ಅವಸರದ್ದು.

ಭೂಕಂಪಮಾಪಕವನ್ನು ನಾನು ಹಳಿಯುವುದಿಲ್ಲ. ಹೆಚ್ಚಿನ ಸುನಾಮಿಗಳು ಭೂಕಂಪದಿಂದಲೇ ಹುಟ್ಟುತ್ತವೆ. 2004ರದ್ದೂ ಹಾಗೇ. ಆಮೇಲೆ 2007ರಲ್ಲಿ ಹೈದರಾಬಾದಿನಲ್ಲಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಒಳ್ಳೆಯದೇ.

ಆದರೆ 2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದಲ್ಲಿ ಏನಾಯಿತು ನೋಡಿ. ಅನಕ್ ಕ್ರಕಟೌ ಜ್ವಾಲಾಮುಖಿಯ ಒಂದು ಪಕ್ಕ ಕುಸಿದು ಸಮುದ್ರಕ್ಕೆ ಬಿತ್ತು, ಸುನಾಮಿ ಎದ್ದಿತು. ದೊಡ್ಡ ಭೂಕಂಪಕ್ಕಾಗಿ ಕಾದು ಕೂತಿದ್ದ ವ್ಯವಸ್ಥೆ ಎಚ್ಚರಿಕೆ ಕೊಡಲೇ ಇಲ್ಲ. 400ಕ್ಕೂ ಹೆಚ್ಚು ಜನ ಸತ್ತರು. ಸಾವಿರ ಕಿಲೋಮೀಟರ್‌ಗೂ ಆಚೆ, ಹಿಂದೂ ಮಹಾಸಾಗರದ ಕೊಕೋಸ್ ದ್ವೀಪದ ಇನ್‌ಫ್ರಾಸೌಂಡ್ (ಅದೇ ಕಿವಿಗೆ ಕೇಳದ ಸದ್ದು) ಸೆನ್ಸರ್‌ಗಳಲ್ಲಿ ಆ ಬೆಟ್ಟದ ಆರ್ಭಟ ದಾಖಲಾಗಿತ್ತು. ಅಷ್ಟು ದೂರ ಸದ್ದು ಹೋಗಲು ಸುಮಾರು ಒಂದು ಗಂಟೆ ಬೇಕು. ಅಷ್ಟರೊಳಗೆ ಅಲೆ ದಡ ಮುಟ್ಟಿಯಾಗಿತ್ತು. ಅದಕ್ಕೇ ಇಂಥ ಬೆಟ್ಟಗಳ ಹತ್ತಿರವೇ ಸೆನ್ಸರ್ ಇಡಬೇಕು ಅನ್ನುವುದು.

ನಿಮ್ಮೂರಲ್ಲಿ ದೂರದ ಗಣಿಯ ಬ್ಲಾಸ್ಟಿಂಗ್‌ಗೆ ಸದ್ದಿಗಿಂತ ಜಾಸ್ತಿ ಕಿಟಕಿ ಗಾಜೇ ಗಡಗಡ ಅನ್ನುತ್ತದೆ, ಅಲ್ವಾ? ಅದೇ ಜಾತಿಯ ಸದ್ದು ಇದು, ಸೆಕೆಂಡಿಗೆ 20 ಕಂಪನಕ್ಕಿಂತ ಕಡಿಮೆ. ಗಾಳಿಯಲ್ಲಿ ಗಂಟೆಗೆ ಸುಮಾರು 1,200 ಕಿ.ಮೀ. ಓಡುತ್ತದೆ. ಆಳ ಸಮುದ್ರದಲ್ಲೂ ಸುನಾಮಿಯ ವೇಗ 700-800 ಮಾತ್ರ. 2022ರ ಜನವರಿ 15ರಂದು ಟೊಂಗಾದ ಜ್ವಾಲಾಮುಖಿ ಸಿಡಿದಾಗ ಗಾಳಿಯ ಒತ್ತಡದ ಅಲೆ ಭೂಮಿಯನ್ನೇ ಹಲವು ಸುತ್ತು ಹಾಕಿತು. ಅದರ ತಳ್ಳಾಟಕ್ಕೆ ಜಪಾನಿನಲ್ಲಿ ಲೆಕ್ಕಕ್ಕಿಂತ ಎಷ್ಟೋ ಮೊದಲೇ ನೀರು ಏರಿತು. ಕದ್ದು ಮಾಡಿದ ಅಣುಪರೀಕ್ಷೆ ಹಿಡಿಯಲು ಹಾಕಿದ ಸೆನ್ಸರ್ ಜಾಲಕ್ಕೆ ಆ ಸದ್ದು ಸಿಕ್ಕಿತು. ಅಲೆ ಎಷ್ಟೆತ್ತರ ಬರುತ್ತದೆ ಅಂತ ಇಂಥ ಸೆನ್ಸರ್ ಹೇಳಲಾರದು, ಗಾಳಿ ಜೋರಾದರೆ ಗೊಂದಲವೂ ಆಗುತ್ತದೆ. ಇರಲಿ ಬಿಡಿ, ಎಲ್ಲ ಗೊತ್ತಿರುವ ಯಂತ್ರ ಎಲ್ಲಿದೆ?

ಉಸಾಬರಿ ಯಾಕೆ ಅಂದಿರಲ್ಲ. 2024ರ ಆಗಸ್ಟಿನಲ್ಲಿ ನಾವೆಲ್ಲ ತುಂಗಭದ್ರೆಯ ಒಳಹರಿವು ಎಷ್ಟು, ಡ್ಯಾಮ್ ಎಷ್ಟು ಅಡಿ ತುಂಬಿತು ಅಂತ ನೋಡುತ್ತಿದ್ದೆವು. ಕೈಕೊಟ್ಟದ್ದು 19ನೇ ಗೇಟಿನ ಚೈನು. ಒಂದನ್ನೇ ಅಳೆಯುತ್ತ ಕೂತರೆ ಪೆಟ್ಟು ಇನ್ನೊಂದು ಕಡೆಯಿಂದ ಬೀಳುತ್ತದೆ, ಸಮುದ್ರದಲ್ಲೂ ಅಷ್ಟೇ.

ಇನ್ನು ನಮ್ಮ ಕಾಲೇಜುಗಳ ಕಥೆ. 1883ರಲ್ಲಿ ಕ್ರಕಟೌ ಸಿಡಿದದ್ದನ್ನು ಜಗತ್ತಿನ ಎಷ್ಟೋ ಊರುಗಳ ಬ್ಯಾರೋಮೀಟರ್‌ಗಳೇ (ಗಾಳಿಯ ಒತ್ತಡ ಅಳೆಯುವ ಉಪಕರಣ) ಬರೆದಿಟ್ಟಿದ್ದವು. ಈ ಭಾಗದ ಒಂದು ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಅಂಥದ್ದೊಂದು ಬ್ಯಾರೋಮೀಟರ್ ತೋರಿಸೋಣ ಅಂತ ಹೋದೆ. ಬ್ಯಾರೋಮೀಟರ್ ಇತ್ತು, ಬೀರುವಿನೊಳಗೆ. ಬೀಗದ ಕೈ ಯಾರ ಹತ್ತಿರ ಅಂದರೆ, ಅಟೆಂಡರ್ 'ಅವರು ರಿಟೈರ್ ಆದ್ರು ಸರ್' ಅಂದ.