ಕೆಮ್ಮು ನಿಂತಿತು, ಸರಿ. ಬೀಜ ಎಲ್ಲಿ ಹೋಯ್ತು?

ಪ್ರಶ್ನೆ: ಎರಡು ವರ್ಷದ ಮಗ ಕಡ್ಲೆಬೀಜ ತಿಂತಾ ಓಡಾಡುವಾಗ ಉಸಿರು ಕಟ್ಟಿ ಕೆಮ್ಮಿದ. ಬಾಳೆಹಣ್ಣು ತಿನ್ನಿಸಿದೆವು, ಸುಮ್ಮನಾದ. ಆಮೇಲಿಂದ ಎದೆಯಲ್ಲಿ ಗೊರಗೊರ ಸದ್ದು, ಕೆಮ್ಮು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮದ್ದು ತೆಗೆಯುವವರ (ವಾಂತಿ ಮಾಡಿಸಿ ಒಳಗಿದ್ದದ್ದನ್ನು ತೆಗೆಯುತ್ತೇವೆ ಅನ್ನುವ ನಾಟಿಯವರ) ಹತ್ತಿರ ಹೋಗಿ ಅಂತಾರೆ. ಹೋಗಬಹುದಾ?
– ಒಬ್ಬ ತಾಯಿ, ಪಾವಗಡ

ಬೇಡ ತಾಯಿ. ಇವತ್ತೇ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ನಳಿಗೆ ಇಳಿಸಿ ನೋಡುವುದು) ಮಾಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ.

ಪಾವಗಡ, ಶಿರಾ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಬಾಳೆಹಣ್ಣು ಹೋಗುವುದು ಅನ್ನನಾಳಕ್ಕೆ. ಬೀಜ ಇರುವುದು ಶ್ವಾಸನಾಳದಲ್ಲಿ. ಹಾಗಿರುವಾಗ ಹಣ್ಣು ಅದನ್ನು ಹೇಗೆ ತಳ್ಳುತ್ತದೆ? ಎಷ್ಟೋ ಸಲ ಕೆಮ್ಮು ನಿಲ್ಲುವುದು ಬೀಜ ಕೆಳಗಿಳಿದು ಒಂದು ಕವಲಿನಲ್ಲಿ, ಹೆಚ್ಚಾಗಿ ಬಲಗಡೆ, ಕೂತಾಗ. ಕಾಸು, ಪಿನ್ನು ಎಕ್ಸ್‌ರೇಯಲ್ಲಿ ಕಾಣುತ್ತವೆ, ಕಡ್ಲೆಬೀಜ ಕಾಣುವುದಿಲ್ಲ. ಅದು ಒಳಗೆ ತೇವಕ್ಕೆ ಊದುತ್ತದೆ, ಅದರ ಎಣ್ಣೆಗೆ ನಾಳ ಕೆರಳಿ ಬಾವು ಬರುತ್ತದೆ. ತಡವಾದಷ್ಟೂ ನ್ಯುಮೋನಿಯಾ ಭಯ ಜಾಸ್ತಿ. ಡಾಕ್ಟರ ಮುಂದೆ ಕೂತ ಕೂಡಲೇ ‘ಬೀಜ ತಿನ್ನುವಾಗ ಶುರುವಾಯಿತು’ ಅಂತ ಹೇಳಿ. ಅದನ್ನು ಹೇಳದೆ ಬರೀ ಕೆಮ್ಮು ಅಂದರೆ ಸಿರಪ್ ಕೊಟ್ಟು ಕಳಿಸುತ್ತಾರೆ. ಅರಿವಳಿಕೆ ಕೊಟ್ಟು, ಬಾಯಿಂದ ನಳಿಗೆ ಇಳಿಸಿ ಬೀಜ ತೆಗೆಯುತ್ತಾರೆ. ಕೊಯ್ಯುವುದಿಲ್ಲ, ಹೆದರಬೇಡಿ.

ಮದ್ದು ತೆಗೆಯುವವರು ಏನೇ ತೋರಿಸಲಿ, ಅದು ನಿಮ್ಮ ಮಗುವಿನ ಎದೆಯಿಂದ ಬಂದದ್ದಲ್ಲ. ವಾಂತಿ ಮಾಡಿಸಿದರೆ ಹೊಟ್ಟೆಯಲ್ಲಿದ್ದದ್ದೂ ಶ್ವಾಸಕೋಶಕ್ಕೆ ನುಗ್ಗಬಹುದು. ಇವರ ಬಗ್ಗೆ ನನಗೆ ಸ್ವಲ್ಪವೂ ತಾಳ್ಮೆ ಇಲ್ಲ.

ಸಿಕ್ಕಿಕೊಂಡ ಹೊತ್ತಿನಲ್ಲಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಬರದಿದ್ದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಏಟು ಕೊಡಿ. ಆಗಲಿಲ್ಲವಾ? ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು 5 ಸಲ ಒಳಕ್ಕೆ, ಮೇಲಕ್ಕೆ ಒತ್ತಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಲೇಬಾರದು, ಎದೆಯ ಮಧ್ಯೆ ಒತ್ತಬೇಕು. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಅಜ್ಜಿ ಬೇಜಾರು ಮಾಡಿಕೊಂಡರೂ ಸರಿ.

ಪ್ರಶ್ನೆ: ನೀರು ನೆತ್ತಿಗೆ ಹತ್ತಿದರೆ ತಲೆ ತಟ್ಟಬೇಕಾ? – ತಿಪಟೂರು

ಅದರಿಂದ ಏನೂ ಆಗುವುದಿಲ್ಲ. ಕೆಮ್ಮಲು ಬಿಡಿ.

ಪ್ರಶ್ನೆ: ಮೀನಿನ ಮುಳ್ಳು ಸಿಕ್ಕಿದರೆ ಅನ್ನದುಂಡೆ ನುಂಗಬಹುದಾ? – ಕುಣಿಗಲ್

ಬೇಡ, ಮುಳ್ಳು ಇನ್ನೂ ಆಳಕ್ಕೆ ನಾಟಬಹುದು. ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.